ಗಂಟು ಬಿಚ್ಚಿದ ಧೂಪದ ಕಟ್ಟಿಗೆ

ಸುಮಾ, ವೀಣಾ, ಬಸು,

ಕಳೆದ ರಜೆಯಲ್ಲಿ ನೀವು ಮೂವರೂ ಹಿತ್ತಲಲ್ಲಿ ಕಟ್ಟಿಗೆ ಒಟ್ಟಿಕೊಂಡು ಬೆಂಕಿ ಹಚ್ಚಲು ಕುಳಿತದ್ದು ನಿಮಗೆ ನೆನಪಿರಬೇಕು. ಅರ್ಧ ಕಡ್ಡಿಪೆಟ್ಟಿಗೆ ಮುಗಿಸಿದಿರಿ. ಹೊಗೆಗೆ ಸುಮಾಳ ಕಣ್ಣು ಕೆಂಪಾದವು. ಬಸು ಚಿಮಣಿ ಎಣ್ಣೆ ತರಲು ಒಳಗೆ ಓಡಿದ. ಆಗ ನಾನು ಬಂದು, ನೀವು ಒಟ್ಟಿದ್ದನ್ನೆಲ್ಲ ಸರಿಸಿ, ಒಂದು ಒಣ ಚಕ್ಕೆಯನ್ನು ಈಳಿಗೆಯಿಂದ ಸಣ್ಣಗೆ ಹೆರೆದು ಒಂದೇ ಕಡ್ಡಿಯಲ್ಲಿ ಹೊತ್ತಿಸಿಕೊಟ್ಟೆ. ಇದನ್ನು ಯಾರು ಕಲಿಸಿದರು ಎಂದು ವೀಣಾ ಕೇಳಿದಳು. ನಾನು ಏನೋ ಹೇಳಿ ಒಳಗೆ ಹೋಗಿಬಿಟ್ಟೆ. ನಿಮ್ಮ ಅಜ್ಜ ಇದ್ದಾಗಲೂ ನನ್ನದು ಇದೇ ರೀತಿ. ಯಾರಾದರೂ ಏನಾದರೂ ಕೇಳಿದರೆ ಉತ್ತರ ಗಂಟಲಿಗೆ ಬರುವುದರೊಳಗೆ ಕೇಳಿದವರು ಎದ್ದು ಹೋಗಿರುತ್ತಿದ್ದರು. ನಾನು ಓದಿದ್ದು ನಾಲ್ಕನೆಯ ಇಯತ್ತೆಯವರೆಗೆ. ಅಷ್ಟರಲ್ಲಿ ಎಷ್ಟು ಬರೆಯಲು ಬರುತ್ತದೋ ಅಷ್ಟನ್ನು ಈ ಮಳೆಗಾಲದಲ್ಲಿ ಕುಳಿತು ಬರೆದಿದ್ದೇನೆ. ತಪ್ಪಿದ್ದರೆ ನಿಮ್ಮ ಅಪ್ಪ ತಿದ್ದುತ್ತಾನೆ, ಆದರೆ ತಿದ್ದುವ ನೆವದಲ್ಲಿ ಏನನ್ನೂ ತೆಗೆದುಹಾಕಬಾರದು ಎಂದು ಅವನಿಗೆ ಹೇಳಿರಿ.

ನನ್ನ ತವರು ಹಿರೇಬೆಂಡಿಗೇರಿ. ಮನೆಗೆ ಒಂದೇ ದೊಡ್ಡ ಬಾಗಿಲು. ಅದರೊಳಗೇ ಎತ್ತು ಆಕಳು ಬರಬೇಕು, ನಾವೂ ಬರಬೇಕು. ಬಲಕ್ಕೆ ದನ ಕಟ್ಟುವ ಜಾಗ, ಎಡಕ್ಕೆ ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ. ರಾತ್ರಿ ಎತ್ತುಗಳು ಮೆಲುಕು ಹಾಕುವ ಸಪ್ಪಳ ಕೇಳದಿದ್ದರೆ ನನಗೆ ನಿದ್ದೆ ಬರುತ್ತಿರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಅತ್ತದ್ದು ಜನರಿಗಾಗಿ ಎಂದು ಎಲ್ಲರೂ ತಿಳಿದಿದ್ದರು, ಹೆಚ್ಚಿನ ಪಾಲು ಆ ಸಪ್ಪಳಕ್ಕಾಗಿ ಅತ್ತಿದ್ದೆ. ಪಡಸಾಲೆಯ ಹಿಂದೆ ನಡುಮನೆ, ಅದರ ಹಿಂದೆ ಒಂದೇ ಬೆಳಕಿಂಡಿಯ ಅಡುಗೆಮನೆ. ಹಗಲು ಹನ್ನೆರಡರ ಹೊತ್ತಿಗೆ ಆ ಬೆಳಕಿಂಡಿಯಿಂದ ಬಿಸಿಲಿನ ಒಂದು ಕೋಲು ಸರಿಯಾಗಿ ರೊಟ್ಟಿ ಬುಟ್ಟಿಯ ಮೇಲೆ ಬೀಳುತ್ತಿತ್ತು. ಅದು ಬುಟ್ಟಿಯನ್ನು ದಾಟಿ ಗೋಡೆ ಮುಟ್ಟಿತೆಂದರೆ ಅವ್ವ ಹೊಲಕ್ಕೆ ಬುತ್ತಿ ಕಟ್ಟುತ್ತಿದ್ದಳು. ಮನೆಯಲ್ಲಿ ಅಪ್ಪ, ಅವ್ವ, ಅಪ್ಪನ ತಾಯಿಯಾದ ನನ್ನ ಆಯಿ, ನನಗಿಂತ ಎಂಟು ವರ್ಷ ದೊಡ್ಡವಳಾದ ಗೌರಕ್ಕ, ಆಮೇಲೆ ನಾನು. ನನ್ನನ್ನು ಎಲ್ಲರೂ ಪಾರಿ ಎನ್ನುತ್ತಿದ್ದರು. ಅಕ್ಕ ಮಾತಿನವಳು. ಅವಳು ನಡುಮನೆಯಲ್ಲಿ ನಕ್ಕರೆ ಪಡಸಾಲೆಯಲ್ಲಿ ಕುಳಿತವರೂ ಯಾಕೆಂದು ತಿಳಿಯದೆ ನಗುತ್ತಿದ್ದರು. ಅವಳು ಮದುವೆಯಾಗಿ ಹಿರೇಕೆರೂರ ಕಡೆಯ ಹಂಸಭಾವಿಗೆ ಹೋದ ಮೇಲೆ ಮನೆ ಕಿವಿ ಮುಚ್ಚಿಕೊಂಡ ಹಾಗಾಯಿತು.

ಅವಳು ಹೋದದ್ದರಿಂದ ನನಗೆ ಬಂದ ಕಷ್ಟವೆಂದರೆ ಕೆಂಡ ತರುವ ಕೆಲಸ. ಆಗ ಒಲೆಯನ್ನು ರಾತ್ರಿ ಆರಿಸುತ್ತಿರಲಿಲ್ಲ, ಕೆಂಡದ ಮೇಲೆ ಬೂದಿ ಮುಚ್ಚಿಡುತ್ತಿದ್ದರು. ಬೆಳಿಗ್ಗೆ ಬೂದಿ ಕೆದರಿ ಊದಿದರೆ ಬೆಂಕಿ ಎದ್ದು ಕೂಡುತ್ತಿತ್ತು. ಒಮ್ಮೊಮ್ಮೆ ಆರಿಹೋಗುತ್ತಿತ್ತು. ಆಗ ಒಂದು ಒಣ ಸಗಣಿಯ ಕುಳ್ಳು ಹಿಡಿದುಕೊಂಡು ಪಕ್ಕದ ಮನೆಗೆ ಹೋಗಿ, ಅದರ ಮೇಲೆ ಎರಡು ಕೆಂಡ ಹಾಕಿಸಿಕೊಂಡು ಬರಬೇಕು. ಮಂಗಳವಾರ, ಶುಕ್ರವಾರ ಯಾರೂ ಬೆಂಕಿ ಕೊಡುತ್ತಿರಲಿಲ್ಲ. ದೀಪ ಹಚ್ಚಿದ ಮೇಲೆ ಕೊಡುತ್ತಿರಲಿಲ್ಲ. ಬಾಣಂತಿ ಇದ್ದ ಮನೆಯವರು, ಆಕಳು ಈದ ಮನೆಯವರು ಹನ್ನೊಂದು ದಿನ ಕೊಡುತ್ತಿರಲಿಲ್ಲ. ಇದನ್ನೆಲ್ಲ ನೆನಪಿಟ್ಟು ಕೊಡುವವರ ಮನೆ ಹುಡುಕಿಕೊಂಡು ಹೋಗಬೇಕು. ನಮ್ಮ ಪಕ್ಕದ ಮನೆ ನೀಲವ್ವನದು. ಅವಳು ಕೊಡುತ್ತಿದ್ದಳು, ಇಲ್ಲವೆನ್ನುತ್ತಿರಲಿಲ್ಲ. ಆದರೆ ಬಾಯಿಬಿಟ್ಟು ಕೇಳದೆ ಕೊಡುತ್ತಿರಲಿಲ್ಲ. ನಾನು ಕುಳ್ಳು ಹಿಡಿದು ಹೊಸ್ತಿಲ ಹೊರಗೆ ನಿಂತರೆ ಅವಳು ಒಳಗಿಂದಲೇ ಶುರು ಮಾಡುವಳು:

"ಯಾರದು? ಪಾರೇನು? ಏನ ಬೇಕಾಗೈತಿ?"

ನಾನು ಕುಳ್ಳನ್ನು ಮುಂದೆ ಚಾಚುತ್ತಿದ್ದೆ.

"ಬಾಯಾಗ ಏನ ಕಡಬು ಇಟಗೊಂಡೀ? ಬಿಟ್ಟ ಕೇಳ. ಕುಳ್ಳ ತೋರಿಸಿದ್ರ ನಾ ಏನ ತಿಳ್ಕೋಬೇಕು, ಮಾರಾಕ ಬಂದೀ ಅಂತ ತಿಳ್ಕೋಲ್ಯಾ?"

ಅವಳ ಸೊಸೆಯರು ನಗುತ್ತಿದ್ದರು. ನನ್ನ ಕಿವಿ ಬಿಸಿಯಾಗುತ್ತಿತ್ತು. ಕೊನೆಗೆ ಗಾಳಿಯಂಥ ದನಿಯಲ್ಲಿ "ಬೆಂಕಿ" ಎನ್ನುತ್ತಿದ್ದೆ. ಒಂದು ಸಲ ಅಷ್ಟನ್ನೂ ಅನ್ನಲಾಗದೆ ತಿರುಗಿ ಬಂದು, ಅವರ ಮನೆಯಲ್ಲಿ ಯಾರೂ ಇಲ್ಲವೆಂದು ಸುಳ್ಳು ಹೇಳಿದೆ. ಅವ್ವ ಆ ಬಾಗಿಲಿಗೆ ಹೋಗಿ ನೋಡಿ ಬಂದು ನನ್ನ ಬೆನ್ನಿಗೆ ಎರಡು ಕೊಟ್ಟಳು.

ಆಮೇಲೆ ಯುದ್ಧ ಬಂತು. ಯುದ್ಧ ಎಲ್ಲಿ ನಡೆದಿತ್ತೋ ನಮಗೆ ತಿಳಿಯದು, ನಮಗೆ ತಿಳಿದದ್ದು ಶಿಗ್ಗಾವಿಯ ಅಂಗಡಿಯಲ್ಲಿ ಚಿಮಣಿ ಎಣ್ಣೆ ಇಲ್ಲ, ಕಡ್ಡಿಪೆಟ್ಟಿಗೆ ಇಲ್ಲ ಎಂಬುದಷ್ಟೇ. ಅಪ್ಪ ಒಂದು ಪೆಟ್ಟಿಗೆ ತಂದರೆ ಅದನ್ನು ದೇವರ ಜಗಲಿಯ ಮೇಲೆ ಇಡುತ್ತಿದ್ದರು. ಊರೆಲ್ಲ ಕೆಂಡ ಬೇಡುವವರೇ ಆದರು. ನೀಲವ್ವನ ಬಾಗಿಲಲ್ಲಿ ಬೆಳಗಿನ ಹೊತ್ತು ನಾಲ್ಕೈದು ಹುಡುಗಿಯರು ಕುಳ್ಳು ಹಿಡಿದು ಸಾಲಾಗಿ ನಿಲ್ಲತೊಡಗಿದರು. ಅವರೆಲ್ಲರ ಮುಂದೆ ನಾನು ಕೇಳಬೇಕಾಯಿತು. ಆಗಲೇ ನನ್ನ ಕಣ್ಣು ಪಡಸಾಲೆಯ ಗೂಟಕ್ಕೆ ತೂಗುಬಿದ್ದಿದ್ದ ಅಜ್ಜನ ಚಂಚಿಯ ಮೇಲೆ ಬಿದ್ದದ್ದು. ಅಜ್ಜ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದರೂ ಅವನ ಎಲೆ ಅಡಿಕೆಯ ಆ ಬಟ್ಟೆಯ ಚೀಲವನ್ನು ಯಾರೂ ಅಲ್ಲಿಂದ ತೆಗೆದಿರಲಿಲ್ಲ. ಅದರಲ್ಲಿ ಒಂದು ಚಕಮಕಿ ಕಲ್ಲು, ಬಾಗಿಸಿದ ಒಂದು ಉಕ್ಕಿನ ತುಂಡು, ಬಿರಡೆ ಹಾಕಿದ ಒಂದು ಹಿತ್ತಾಳೆಯ ಕೊಳವೆ ಇದ್ದವು. ಮಧ್ಯಾಹ್ನ ಎಲ್ಲರೂ ಹೊಲದಲ್ಲಿದ್ದಾಗ ನಾನು ಅದನ್ನು ಹಿತ್ತಲಿಗೆ ಒಯ್ದು ಕಲ್ಲಿಗೆ ಉಕ್ಕು ಬಡಿಯುತ್ತ ಕುಳಿತೆ. ಕಿಡಿ ಬರುತ್ತಿತ್ತು. ಹುಲ್ಲಿನ ಮೇಲೆ ಬೀಳುತ್ತಿತ್ತು, ಆರುತ್ತಿತ್ತು. ಹೆಬ್ಬೆರಳಿನ ಸಿಪ್ಪೆ ಕಿತ್ತುಹೋಯಿತು. ಮೂರನೆಯ ದಿನ ಹಿಂದಿನಿಂದ ಆಯಿಯ ದನಿ ಕೇಳಿತು.

"ಏನ ಅದು, ಕಲ್ಲಿಗೆ ಮದಿವಿ ಮಾಡಾಕತ್ತೀ?"

ನಾನು ಚಂಚಿಯನ್ನು ಪರಕಾರದ ಕೆಳಗೆ ಮುಚ್ಚಿದೆ. ಆಯಿ ಗೋಡೆ ಹಿಡಿದು ನಿಧಾನವಾಗಿ ಕುಳಿತಳು.

"ತೆಗಿ ಹೊರಗ. ನಿಮ್ಮಜ್ಜನೂ ಹಿಂಗ ಬಡೀತಿದ್ದ. ಅವನ ಚಿಲಿಮಿ ಹೊತ್ತೂದ್ರೊಳಗ ನನ್ನವು ಹತ್ತ ರೊಟ್ಟಿ ಆಗ್ತಿದ್ದೂವು. ಹುಲ್ಲಿಗೆ ಕಿಡಿ ಹತ್ತೂದಿಲ್ಲ, ಹುಚ್ಚಿ. ಅರಳಿ ಬೇಕು, ಸುಟ್ಟ ಅರಳಿ. ಅದಕ್ಕ ಐತಿ ಆ ಕೊಳವಿ."

ಹಳೆಯ ಸೀರೆಯ ಚಿಂದಿ ಮತ್ತು ಅರಳೆಯನ್ನು ಹೊತ್ತಿಸಿ, ಅರೆ ಸುಟ್ಟಿರುವಾಗಲೇ ಕೊಳವೆಯಲ್ಲಿ ತುರುಕಿ ಬಿರಡೆ ಹಾಕಿ ಆರಿಸುವುದನ್ನು ತೋರಿಸಿದಳು. ಆ ಕರಿ ಅರಳೆಯ ಚೂರನ್ನು ಕಲ್ಲಿನ ಅಂಚಿಗೆ ಹೆಬ್ಬೆರಳಿನಿಂದ ಒತ್ತಿ ಹಿಡಿದು ಉಕ್ಕು ಬಡಿದರೆ, ಕಿಡಿ ಅದರ ಮೇಲೆ ಕುಳಿತು ಸಾಸಿವೆಯಷ್ಟು ಕೆಂಪಾಗಿ ಹರಡುತ್ತಿತ್ತು. ಆದರೆ ಅದು ಬರೀ ಕೆಂಪು. ಅದರಿಂದ ಉರಿ ಎಬ್ಬಿಸಲು ಧೂಪದ ಕಟ್ಟಿಗೆ ಬೇಕು. ಅವ್ವನ ತಮ್ಮ ಚೆನ್ನಪ್ಪ ಮಾವ ಇದ್ದದ್ದು ಹಾನಗಲ್ಲಿನ ಆಚೆ, ಕಾಡಿನ ಅಂಚಿನ ಒಂದು ಹಳ್ಳಿಯಲ್ಲಿ. ಅಲ್ಲಿ ಧೂಪದ ಮರಗಳಿದ್ದವು. ಮರಕ್ಕೆ ಎಂದೋ ಕೊಡಲಿಯ ಏಟು ಬಿದ್ದಿದ್ದರೆ ಆ ಗಾಯದ ಸುತ್ತ ಅಂಟು ಇಳಿದಿಳಿದು ಒಳಗಿನ ಕಟ್ಟಿಗೆ ಜೇನಿನ ಬಣ್ಣಕ್ಕೆ ತಿರುಗಿರುತ್ತದೆ. ಕೈಯಲ್ಲಿ ಹಿಡಿದರೆ ಭಾರ, ಮೂಸಿದರೆ ಗುಡಿಯ ವಾಸನೆ. ಮರ ಬಿದ್ದ ಮೇಲೆ ಮಿಕ್ಕದ್ದೆಲ್ಲ ಗೆದ್ದಲು ತಿಂದರೂ ಆ ಭಾಗ ಹಾಗೇ ಉಳಿಯುತ್ತದೆ. ಮಳೆಯಲ್ಲಿ ನೆಂದರೂ ಮೇಲಿನದನ್ನು ಹೆರೆದರೆ ಒಳಗೆ ಒಣಗಿಯೇ ಇರುತ್ತದೆ. ಮಾವ ವರ್ಷಕ್ಕೊಮ್ಮೆ ಅದರ ಚಕ್ಕೆಗಳನ್ನು ತಂದುಕೊಡುತ್ತಿದ್ದ, ಆಯಿ ಪೂಜೆಗೆ ಬಳಸುತ್ತಿದ್ದಳು.

"ಕುಡಗೋಲ ಬೆನ್ನಿಲೆ ಹೆರಿ. ಹಿಟ್ಟಿನಂಗ ಬರಬೇಕು, ಚಕ್ಕಿ ಅಲ್ಲ. ಹಾಂ. ಕೆಂಪಾದ ಅರಳೀನ ಆ ಹಿಟ್ಟಿನ ನಡುವ ಇಡು. ಈಗ ಊದು. ಮೆಲ್ಲಕ! ಹಾಲಿನ ಕೆನಿ ಸರಸಿದಂಗ ಊದಬೇಕು, ನೀಲವ್ವ ಬಾಯಿ ಮಾಡಿದಂಗ ಅಲ್ಲ."

ಬೆಳ್ಳನೆಯ ಹೊಗೆ ಎದ್ದು, ಕರಗಿದ ಅಂಟು ಗುಳ್ಳೆಯಾಗಿ, ಫಕ್ಕನೆ ಹಳದಿ ಉರಿ ಬಂತು. ನಾನು ಹಿಂದಕ್ಕೆ ಬಿದ್ದೆ. ಆಯಿ ನಗಲಿಲ್ಲ. ಆ ದಿನದಿಂದ ನಮ್ಮ ಮನೆಯ ಬೆಂಕಿ ನನ್ನದಾಯಿತು. ನಾನು ನೀಲವ್ವನ ಬಾಗಿಲಿಗೆ ಹೋಗುವುದನ್ನು ಬಿಟ್ಟೆ. ಇದನ್ನು ನಾನು ಜಾಣತನದಿಂದ ಕಲಿತದ್ದಲ್ಲ, ಮಕ್ಕಳೇ. ಯಾರನ್ನೂ ಏನನ್ನೂ ಕೇಳುವ ಪ್ರಸಂಗ ಬರಬಾರದೆಂದು ಕಲಿತದ್ದು.

ಅದೇ ವರ್ಷ ಗೌರಕ್ಕ ಬಸುರಾದಳು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಏಳನೆಯ ತಿಂಗಳಲ್ಲಿ ಕುಬಸದ ಶಾಸ್ತ್ರ ಮಾಡಿ ಅವಳನ್ನು ಕರೆತರಲು ನಾವು ಕಮಾನು ಕಟ್ಟಿದ ಗಾಡಿಯಲ್ಲಿ ಹಂಸಭಾವಿಗೆ ಹೋದೆವು. ಆಯಿ ಮನೆ ಕಾಯಲು ಉಳಿದಳು. ಕಡಕ್ ರೊಟ್ಟಿ, ಮಾದಲಿ, ಗುರೆಳ್ಳು ಚಟ್ನಿ, ಐದು ತರದ ಉಂಡಿ, ಇವೆಲ್ಲದರ ಬುತ್ತಿ ಹೊತ್ತುಕೊಂಡು ಹೋಗಿ, ಅವಳಿಗೆ ಹಸಿರು ಕುಬಸ ತೊಡಿಸಿ, ಹಾಡಿ, ಉಂಡು ಮರುದಿನ ಹೊರಟೆವು. ದಾರಿಯಲ್ಲಿ ಚೆನ್ನಪ್ಪ ಮಾವನ ಮನೆಯಲ್ಲಿ ಒಂದು ರಾತ್ರಿ ಉಳಿದೆವು. ಬೆಳಿಗ್ಗೆ ಹೊರಡುವಾಗ ಮಾವ ಒಂದು ಗಂಟು ತಂದ. ಚೊಚ್ಚಲ ಬಾಣಂತನಕ್ಕೆ ಸೋದರಮಾವ ಕೊಡುವ ಗಂಟು ಅದು. ಬೆಲ್ಲ, ಕೊಬ್ಬರಿ, ಅಂಟು, ಬಾಣಂತಿಯ ಕೂದಲಿಗೂ ಕೂಸಿನ ತೊಟ್ಟಿಲಿಗೂ ಹೊಗೆ ಹಾಕಲು ಧೂಪದ ಕಟ್ಟಿಗೆಯ ಒಂದು ದಪ್ಪ ತುಂಡು. ಎಲ್ಲವನ್ನೂ ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಕಟ್ಟಿ, ಗಂಟಿನ ಮೇಲೆ ವಿಭೂತಿ ಹಚ್ಚಿದ್ದರು.

"ಕೂಸಿನ ಅಳು ಕೇಳೂತನಕ ಬಿಚ್ಚಬ್ಯಾಡ್ರಿ, ಅಕ್ಕಾ," ಎಂದು ಮಾವ ಅವ್ವನ ಕೈಗೆ ಕೊಟ್ಟ.

"ನನಗ ಹೇಳತಿಯೇನೋ ಚೆನ್ನಪ್ಪಾ?" ಎಂದಳು ಅವ್ವ. ಅವಳ ದನಿ ಒಂಥರಾ ಆಗಿತ್ತು.

ಯಾಕೆಂದು ನನಗೆ ಗೊತ್ತಿತ್ತು. ಅಕ್ಕನಿಗಿಂತ ಮೊದಲು ಅವ್ವನಿಗೆ ಒಂದು ಗಂಡುಕೂಸು ಹುಟ್ಟಿ ಮೂರು ದಿನ ಬದುಕಿತ್ತು. ಹೆರಿಗೆಗೆ ಮೊದಲೇ ಅವಳ ತಾಯಿ ಯಾರಿಗೋ ಒಂದು ಚೂರು ಬೆಲ್ಲ ಕೊಡಲು ಇಂಥದೇ ಗಂಟನ್ನು ಬಿಚ್ಚಿದ್ದಳಂತೆ. ಬರದವರಿಗೆ ಮೊದಲೇ ಎಲೆ ಹಾಕಿದರೆ ಅವರು ಬರುವುದಿಲ್ಲ ಎಂದು ನಮ್ಮ ಮನೆತನದ ಹೆಂಗಸರು ಹೇಳುತ್ತಿದ್ದರು. ನಂಬಿದ್ದರೋ ಇಲ್ಲವೋ ಎಂದು ಕೇಳುವಂಥ ಮಾತಲ್ಲ ಅದು. ಮೂರು ದಿನದ ಕೂಸನ್ನು ಮಣ್ಣು ಮಾಡಿ ಬಂದವಳ ಎದುರಿಗೆ ಯಾರೂ ಹಾಗೆ ಕೇಳುವುದಿಲ್ಲ.

ಹಾನಗಲ್ಲು ದಾಟುವವರೆಗೆ ಸೋನೆ ಇತ್ತು. ಆಮೇಲೆ ಮಳೆ ಗಾಡಿಯ ಮೇಲೆ ಜೋಳ ಸುರಿದ ಹಾಗೆ ಬಿತ್ತು. ಕಮಾನಿನ ಚಾಪೆ ಸೋರತೊಡಗಿತು. ಅವ್ವ ತನ್ನ ಕಂಬಳಿಯನ್ನು ಅಕ್ಕನಿಗೆ ಹೊದಿಸಿದಳು, ಆ ಕಂಬಳಿಯೂ ನೀರು ಕುಡಿಯಿತು. ಮಧ್ಯಾಹ್ನದ ಹೊತ್ತಿಗೆ ಒಂದು ಹಳ್ಳಕ್ಕೆ ಬಂದರೆ ಅದು ದಂಡೆ ಮೀರಿ ಕೆಂಪಗೆ ಹರಿಯುತ್ತಿತ್ತು. ನಮಗಿಂತ ಮೊದಲೇ ನಾಲ್ಕು ಗಾಡಿಗಳು ಎತ್ತುಗಳ ನೊಗ ಇಳಿಸಿ, ಕೊಳ್ಳು ಹರಿದು ನಿಂತಿದ್ದವು. ಹಾನಗಲ್ಲಿನ ಸಂತೆಗೆ ವೀಳ್ಯದೆಲೆ ಹಾಕಿ ತಿರುಗಿ ಹೊರಟಿದ್ದ ಸವಣೂರಿನ ಗಾಡಿಗಳು ಅವು. ದಂಡೆಯ ಮೇಲೆ ಮೂರು ಕಡೆ ಗೋಡೆಯಿದ್ದ ಒಂದು ಹಾಳು ಗುಡಿ ಇತ್ತು. ಅಪ್ಪ ಅಕ್ಕನನ್ನು ಎತ್ತಿಕೊಂಡ ಹಾಗೆಯೇ ಅಲ್ಲಿಗೆ ಕರೆದೊಯ್ದು ಕೂಡಿಸಿದ. ಅವಳ ಹಲ್ಲು ಕಟಕಟ ಎನ್ನುತ್ತಿದ್ದವು. ತುಟಿ ನೇರಳೆ ಹಣ್ಣು ತಿಂದವರ ಹಾಗೆ ಆಗಿತ್ತು. ನಗುವ ಅಕ್ಕ ಹೊಟ್ಟೆ ಹಿಡಿದುಕೊಂಡು "ಯವ್ವಾ, ಬಿಗಿ ಹಿಡ್ಯಾಕತ್ತೈತಿ" ಎಂದಾಗ ಅವ್ವ ಅಪ್ಪನ ಮುಖ ನೋಡಿದಳು.

"ಬೆಂಕಿ ಮಾಡ್ರಿ ಲಗೂನ. ಕಾಸಬೇಕು ಈಕಿನ್ನ."

ಅಪ್ಪ ರುಮಾಲಿನ ಮಡಿಕೆಯಿಂದ ಕಡ್ಡಿಪೆಟ್ಟಿಗೆ ತೆಗೆದ. ಅದು ಅಂಬಲಿಯಾಗಿತ್ತು. ಎಲೆ ಗಾಡಿಯವರನ್ನು ಕೇಳಿದರೆ ಅವರದೂ ಅದೇ ಹಾಡು. ಹೊಲದಾಚೆ ಒಂದು ಒಂಟಿ ಮನೆಯ ಮಾಳಿಗೆಯಿಂದ ಹೊಗೆ ಏಳುತ್ತಿತ್ತು. ಅಪ್ಪನಿಗೆ ಎತ್ತುಗಳನ್ನು ಬಿಟ್ಟು ಹೋಗುವಂತಿರಲಿಲ್ಲ, ಅವ್ವನಿಗೆ ಅಕ್ಕನನ್ನು ಬಿಡುವಂತಿರಲಿಲ್ಲ.

"ಪಾರೀ, ಓಡು. ಎರಡ ಕೆಂಡ ಇಸಗೊಂಡ ಬಾ. ಗಡಿಗ್ಯಾಗ ಹಾಕಿಸ್ಕೊಂಡು ಮ್ಯಾಲ ಮುಚ್ಚಳ ಮುಚ್ಚು."

ನಾನು ಓಡಿದೆ. ಮೊಣಕಾಲವರೆಗಿನ ಕೆಸರಿನಲ್ಲಿ ಬೀಳುತ್ತ ಏಳುತ್ತ ಆ ಮನೆಯ ಬಾಗಿಲಿಗೆ ಹೋಗಿ ನಿಂತೆ. ನಡುವಯಸ್ಸಿನ ಒಬ್ಬ ಹೆಂಗಸು ಹೊರಗೆ ಬಂದಳು. ನನ್ನ ಕೈಯಲ್ಲಿದ್ದ ಗಡಿಗೆ ನೋಡಿಯೇ ಅವಳಿಗೆ ತಿಳಿಯಿತು.

"ಬೆಂಕಿಗೆ ಬಂದಿಯೇನ ತಂಗಿ? ನಮ್ಮ ಆಕಳ ನಿನ್ನೆ ಈದೈತಿ. ಹನ್ನೊಂದ ದಿನ ಮನ್ಯಾಗಿನ ಬೆಂಕಿ ಹೊರಗ ಕೊಡಂಗಿಲ್ಲವಾ. ನಿನಗೂ ಗೊತ್ತಿರಬೇಕಲ್ಲ."

ನನಗೆ ಗೊತ್ತಿತ್ತು. ತಲೆ ಆಡಿಸಿದೆ. ಅವಳು ಇನ್ನೂ ಒಂದು ಗಳಿಗೆ ನನ್ನನ್ನೇ ನೋಡುತ್ತ ನಿಂತಿದ್ದಳು, ನಾನು ಏನಾದರೂ ಹೇಳುತ್ತೇನೇನೋ ಎಂಬಂತೆ. 'ಅಕ್ಕ ಬಸುರಿ' ಎಂಬ ಎರಡು ಶಬ್ದ. ಅಷ್ಟು ಹೇಳಿದ್ದರೆ ಸಾಕಿತ್ತು. ಬೆಂಕಿ ಕೊಡದಿದ್ದರೂ ಅಕ್ಕನನ್ನೇ ತನ್ನ ಒಲೆಯ ಮುಂದೆ ಕರೆತರಲು ಹೇಳುತ್ತಿದ್ದಳು, ಅಂಥ ಮುಖ ಅವಳದು. ನನ್ನ ನಾಲಿಗೆ ಏಳಲಿಲ್ಲ. "ಹೋಗಿ ಬಾ ತಂಗಿ, ತೊಯ್ಯಬ್ಯಾಡ" ಎಂದು ಅವಳು ಬಾಗಿಲು ಮುಂದೆ ಮಾಡಿದಳು. ತಿರುಗಿ ಬರುವಾಗ ಮಳೆ ನನ್ನ ಮುಖಕ್ಕೆ ಹೊಡೆಯುತ್ತಿತ್ತು. ಯಾರೂ ನೋಡುವವರಿಲ್ಲದ್ದರಿಂದ ಜೋರಾಗಿ, ಎಷ್ಟೋ ಸಲ, ಆ ಎರಡು ಶಬ್ದಗಳನ್ನು ಹೊಲಕ್ಕೆ ಹೇಳಿದೆ.

ಗುಡಿಗೆ ಬಂದು "ಆಕಳ ಈದೈತಂತ" ಎಂದೆ. ಅಕ್ಕ ಕಣ್ಣು ಮುಚ್ಚಿಕೊಂಡು ಅವ್ವನ ತೊಡೆಯ ಮೇಲೆ ಮಲಗಿದ್ದಳು. ನನ್ನ ಉಡಿಯಲ್ಲಿ ಅಜ್ಜನ ಚಂಚಿ ಇತ್ತು, ನಾನು ಅದನ್ನು ಎಲ್ಲಿಗೆ ಹೋದರೂ ಬಿಡುತ್ತಿರಲಿಲ್ಲ. ಕೊಳವೆಯ ಬಿರಡೆ ತೆಗೆದೆ, ಅರಳೆ ಒಣಗಿಯೇ ಇತ್ತು. ಕಿಡಿ ಕುಳಿತಿತು, ಕೆಂಪಾಯಿತು. ಗಾಡಿಯ ತಳದ ಹುಲ್ಲಿನಲ್ಲಿ ಇಟ್ಟು ಊದಿದೆ. ಹಸಿ ಹೊಗೆ ಬಂದು ನಿಂತುಹೋಯಿತು. ಇನ್ನೊಮ್ಮೆ, ಮತ್ತೊಮ್ಮೆ. ಎಲೆ ಗಾಡಿಯ ಒಬ್ಬ ಮುದುಕ ತನ್ನ ಪೇಟದ ಒಳಗಿನ ಬಟ್ಟೆ ಹರಿದು ಕೊಟ್ಟ. ಅದೂ ತೇವ. ಚಕ್ಕೆಗಳನ್ನು ನಾನು ಮನೆಯಲ್ಲೇ ಬಿಟ್ಟು ಬಂದಿದ್ದೆ. ಮಾವನ ಗಂಟು ಗಾಡಿಯಿಂದ ಇಳಿದು ಅವ್ವನ ಪಕ್ಕದಲ್ಲಿ, ಗುಡಿಯ ಗೋಡೆಗೆ ಆನಿಸಿಕೊಂಡು ಕುಳಿತಿತ್ತು. ನಾನು ಅದನ್ನು ನೋಡಿದೆ, ಅಕ್ಕನ ತುಟಿಯನ್ನು ನೋಡಿದೆ. ಬಾಯಿಂದ ಆಗದ್ದಕ್ಕೆ ಕೈಯಾದರೂ ಆಗಲಿ ಎಂದು ಅಂದುಕೊಂಡೆನೋ ಇಲ್ಲವೋ ತಿಳಿಯದು. ಹೋಗಿ ಹಲ್ಲಿನಿಂದ ಆ ಗಂಟನ್ನು ಸಡಿಲಿಸಿ ಬಿಚ್ಚಿದೆ. ವಿಭೂತಿಯ ರುಚಿ ಇನ್ನೂ ನನ್ನ ನಾಲಿಗೆಯ ಮೇಲಿದೆ.

ಚಂಚಿಯ ಉಕ್ಕಿನ ಅಂಚಿನಿಂದ ಧೂಪದ ತುಂಡಿನ ಮೇಲ್ಮೈ ಹೆರೆದೆ. ಒಳಗೆ ಜೇನು. ಹಿಟ್ಟಿನ ಹಾಗೆ ಉದುರಿತು. ಕೆಂಪಾದ ಅರಳೆಯನ್ನು ಅದರ ನಡುವೆ ಇಟ್ಟು, ಕೆನೆ ಸರಿಸಿದ ಹಾಗೆ ಊದಿದೆ. ಉರಿ ಎದ್ದಿತು. ಅದರ ಮೇಲೆ ತುಂಡಿನ ಚಕ್ಕೆ, ಚಕ್ಕೆಯ ಮೇಲೆ ಗಾಡಿಯ ಗೂಟ, ಅದರ ಮೇಲೆ ಅಪ್ಪ ಗುಡಿಯ ಹಳೆಯ ಬಾಗಿಲ ಹಲಗೆಯನ್ನೇ ಮುರಿದು ತಂದು ಹಾಕಿದ. ಗುಡಿಯೆಲ್ಲ ಧೂಪದ ವಾಸನೆ ತುಂಬಿತು. ಆಗ ಅವ್ವನ ದನಿ ಕೇಳಿತು.

"ಅಯ್ಯ ನಿನ್ನ ಕೈ ಸೇದಿ ಹೋಗಲಿ! ಗಂಟ ಬಿಚ್ಚಿದ್ಯೇನ! ಯಾರ ಹೇಳಿದ್ರು ನಿನಗ, ಯಾರ ಕೇಳಿ ಬಿಚ್ಚಿದಿ? ಎಲ್ಲಾರೂ ನೋಡ್ರಿ ಇಕಿ ಮಾಡಿದ್ದನ್ನ!"

ಎಲೆ ಗಾಡಿಯವರೆಲ್ಲ ನನ್ನ ಕಡೆ ತಿರುಗಿದರು. ಅವ್ವ ಜೀವಮಾನದಲ್ಲಿ ಅಷ್ಟು ಜನರ ಮುಂದೆ ಅಷ್ಟು ದೊಡ್ಡ ದನಿ ತೆಗೆದದ್ದನ್ನು ನಾನು ಕೇಳಿರಲಿಲ್ಲ. ಆದರೆ ಅಷ್ಟನ್ನು ಬೈಯುತ್ತಲೇ ಅವಳು ಅಕ್ಕನನ್ನು ಬೆಂಕಿಯ ಹತ್ತಿರಕ್ಕೆ ಎಳೆದು ಕೂಡಿಸಿ, ಅವಳ ಅಂಗಾಲು ಕಾಸತೊಡಗಿದ್ದಳು. ಸ್ವಲ್ಪ ಹೊತ್ತಿಗೆ ಅಕ್ಕನ ನಡುಕ ನಿಂತಿತು. ಹೊಟ್ಟೆ ಸಡಿಲವಾಯಿತು. "ಪಾರೀ, ನನಗ ಹಸಿವಾಗೈತಿ" ಎಂದಳು. ಕಡಕ್ ರೊಟ್ಟಿಯನ್ನು ಬೆಂಕಿಗೆ ಹಿಡಿದು, ಬಿಚ್ಚಿದ ಗಂಟಿನ ಬೆಲ್ಲದ ಒಂದು ಚೂರಿನೊಡನೆ ಕೊಟ್ಟೆ. ಆಮೇಲೆ ಪೇಟದ ಬಟ್ಟೆ ಕೊಟ್ಟ ಆ ಮುದುಕ ಒಂದು ತಟ್ಟೆ ಹಿಡಿದುಕೊಂಡು ಗುಡಿಯ ಹೊರಗೆ, ಮಳೆಯಲ್ಲೇ ಬಂದು ನಿಂತ. ನಾಲ್ಕು ಗಾಡಿಗಳಿಗೆ ಯಜಮಾನ, ಎದೆಯುದ್ದ ಗಡ್ಡ. ನೆಲ ನೋಡುತ್ತ ಗಂಟಲು ಸರಿಮಾಡಿಕೊಂಡ.

"ಬೇಟಿ... ಹುಡುಗ್ರು ತೊಯ್ದಾರ. ಒಂದ ಎರಡ ಕೆಂಡ..."

ಮುಂದೆ ಅವನಿಗೆ ಮಾತು ಬರಲಿಲ್ಲ. ಕೇಳುವಾಗ ದೊಡ್ಡವರಿಗೂ ಹೀಗೆಯೇ ಆಗುತ್ತದೆ ಎಂಬುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅವನು ಮಾತು ಮುಗಿಸುವುದನ್ನು ಕಾಯದೆ ನಾನು ತಟ್ಟೆ ತುಂಬ ಕೆಂಡ ಹಾಕಿದೆ. ಅಂದಿನಿಂದ ಇಂದಿನವರೆಗೆ ನಮ್ಮ ಬಾಗಿಲಿಗೆ ಬಂದವರ ಕೈ ನೋಡಿ ಕೊಟ್ಟಿದ್ದೇನೆ, ಬಾಯಿ ನೋಡಿ ಕೊಟ್ಟಿಲ್ಲ.

ಹಳ್ಳ ಸಂಜೆಗೆ ಇಳಿಯಿತು. ಊರಿಗೆ ಬಂದೆವು. ಅವ್ವ ಮಿಕ್ಕ ಧೂಪದ ಕಟ್ಟಿಗೆಯನ್ನು ಅದೇ ಸೀರೆಯ ತುಂಡಿನಲ್ಲಿ ಮತ್ತೆ ಕಟ್ಟಿ ಅಟ್ಟದ ಮೇಲೆ ಇಟ್ಟಳು. ಆಯಿಗೆ ಹೇಳಿದಳು. ಆಯಿ "ಆತು, ಆದದ್ದಾತು" ಎಂದಳು. ಅಕ್ಕನಿಗೆ ಮಾತ್ರ ಇದರಲ್ಲಿ ಏನೂ ಅನ್ನಿಸಲಿಲ್ಲ, "ನನ್ನ ಕೂಸು ಹುಟ್ಟೂಕಿಂತ ಮೊದಲ ಬೆಲ್ಲ ತಿಂದೈತಿ, ಜಾಣ ಐತಿ" ಎಂದು ನಗುತ್ತಿದ್ದಳು. ಸುದ್ದಿ ನೀಲವ್ವನ ಕಿವಿಗೆ ಹೋಗಲು ಒಂದು ದಿನವೂ ಹಿಡಿಯಲಿಲ್ಲ. ಬಾವಿಯ ಕಟ್ಟೆಯ ಮೇಲೆ ಅವಳು ಎಲ್ಲರಿಗೂ ಕೇಳುವಂತೆ ಹೇಳಿದಳು:

"ಬಾಯಿ ಇಲ್ಲದ ಹುಡಿಗಿ ಅಂದಕೊಂಡಿದ್ನಿ. ಹಲ್ಲ ಅದಾವಲ್ಲ ಗಂಟ ಬಿಚ್ಚಾಕ!"

ಎರಡು ತಿಂಗಳು ಕಾದೆವು. ಆ ಎರಡು ತಿಂಗಳಲ್ಲಿ ನಾನು ಸರಿಯಾಗಿ ಉಂಡದ್ದಿಲ್ಲ. ಅಕ್ಕ ಕೆಮ್ಮಿದರೆ ಕೈಯಲ್ಲಿದ್ದುದನ್ನು ಬಿಟ್ಟು ಓಡುತ್ತಿದ್ದೆ. ಅವಳು ರಾತ್ರಿ ಮಗ್ಗುಲು ಬದಲಿಸಿದರೆ ನಾನು ಎದ್ದು ಕೂಡುತ್ತಿದ್ದೆ. ಮೂರು ದಿನ ಬದುಕಿದ ಆ ಅಣ್ಣನ ವಿಷಯ ಮನೆಯಲ್ಲಿ ಯಾರೂ ಎತ್ತಲಿಲ್ಲ, ಎತ್ತದಿದ್ದದ್ದೇ ಹೆಚ್ಚು ಕೇಳಿಸುತ್ತಿತ್ತು. ಅವ್ವ ನನ್ನೊಡನೆ ಬೇಕಾದಷ್ಟೇ ಮಾತಾಡುತ್ತಿದ್ದಳು. ರೊಟ್ಟಿ ನೀಡುವಾಗ ನನ್ನ ಮುಖ ನೋಡುತ್ತಿರಲಿಲ್ಲ. ಅದು ಸಿಟ್ಟೆಂದು ನಾನು ತಿಳಿದಿದ್ದೆ.

ಶೀಗಿ ಹುಣ್ಣಿಮೆಯ ಮರುದಿನ ಬೆಳಿಗ್ಗೆ ಅಕ್ಕನಿಗೆ ಬೇನೆ ಬಂತು. ಸೂಲಗಿತ್ತಿ ನಡುಮನೆಯ ಬಾಗಿಲು ಹಾಕಿಕೊಂಡಳು. ನಾನು ಎತ್ತುಗಳ ನಡುವೆ ಹೋಗಿ, ಬಿಳಿ ಎತ್ತಿನ ಹೊಟ್ಟೆಗೆ ಕಿವಿ ಹಚ್ಚಿಕೊಂಡು ನಿಂತೆ, ಬೇರೆ ಏನೂ ಕೇಳಬಾರದೆಂದು. ಬೆಳಕಿಂಡಿಯ ಬಿಸಿಲು ರೊಟ್ಟಿ ಬುಟ್ಟಿಯನ್ನು ದಾಟಿತು, ಗೋಡೆ ಮುಟ್ಟಿತು. ಆಮೇಲೆ ಕೂಸು ಅತ್ತಿತು. ಸಣ್ಣ ದನಿಯಲ್ಲ, ನಾಲ್ಕು ಮನೆಗೆ ಕೇಳುವ ದನಿ. ಹೆಣ್ಣು. ಆದರೂ ನಾನು ಹಿಗ್ಗಲಿಲ್ಲ, ಮೂರು ದಿನ ಎಣಿಸಬೇಕಿತ್ತು. ನಾಲ್ಕನೆಯ ದಿನ ಬೆಳಿಗ್ಗೆ ಬಾಣಂತಿಗೆ ಎರೆಯಲು ನಾನು ಬಚ್ಚಲ ಒಲೆಗೆ ಬೆಂಕಿ ಮಾಡುತ್ತಿದ್ದೆ. ಅವ್ವ ಬಂದು ನನ್ನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತಳು. ಒಲೆಯನ್ನೇ ನೋಡುತ್ತ ಹೇಳಿದಳು:

"ಪಾರೀ, ಅವತ್ತ ಹಳ್ಳದ ದಂಡಿ ಮ್ಯಾಲ ನೀ ಗಂಟಿಗೆ ಕೈ ಹಾಕಿದ್ದನ್ನ ನಾ ನೋಡಿದ್ನಿ."

ನಾನು ಊದುವುದನ್ನು ನಿಲ್ಲಿಸಿದೆ.

"ನೋಡಿ ಮಾರಿ ಹೊಳ್ಳಿಸಿದ್ನಿ. ನಾನ ಬಿಚ್ಚಬೇಕಿತ್ತು. ನನ್ನ ಕೈ ಬರಲಿಲ್ಲವಾ. ಏನರೆ ಆದ್ರ ತಾಯಿ ಕೈಲೆ ಆತು ಅನ್ನಬಾರದು ಅಂತ... ನಿನ್ನ ಮ್ಯಾಲ ಬರಲಿ ಅಂತ ಬಿಟ್ನಿ."

"ಎಲ್ಲಾರ ಮುಂದ ಬೈದ್ಯಲ್ಲ," ಎಂದೆ ನಾನು. ಅವ್ವನಿಗೆ ಎದುರಾಗಿ ನಾನು ಆಡಿದ ಮೊದಲ ಮಾತು ಅದು.

"ಹೂಂ. ಬೈದ್ನಿ."

ಅವಳು ಕ್ಷಮಿಸೆಂದು ಕೇಳಲಿಲ್ಲ. ನಾವು ಹಾಗೆ ಕೇಳುವ ಜನರಲ್ಲ. ಸೆರಗಿನ ತುದಿಯಿಂದ ನನ್ನ ಮೂಗಿನ ಮೇಲಿನ ಮಸಿ ಒರೆಸಿ, ಇನ್ನೂ ಉಳಿದಿತ್ತೇನೋ ಎಂಬಂತೆ ಮತ್ತೊಮ್ಮೆ ಒರೆಸಿ, ಎದ್ದು ಒಳಗೆ ಹೋದಳು. ಬಹಳ ದಿನ ನನಗೆ ಅವಳ ಮೇಲೆ ಸಿಟ್ಟಿತ್ತು. ನಾನು ತಾಯಾದ ಮೇಲೆ, ನಿಮ್ಮ ಅಪ್ಪ ಒಂದು ವಾರ ಜ್ವರದಲ್ಲಿ ಮಲಗಿದ್ದಾಗ, ಅದು ಹೋಯಿತು.

ಆ ಕೂಸೇ ನೀವು ಹಂಸಭಾವಿ ಅತ್ತೆ ಎಂದು ಕರೆಯುವವಳು. ಈಗಲೂ ನಾಲ್ಕು ಮನೆಗೆ ಕೇಳುವ ದನಿ ಅವಳದು. ಬಚ್ಚಲ ಒಲೆಯ ಮುಂದೆ ಅವ್ವ ಹೇಳಿದ್ದು ಅವಳಿಗೆ ಗೊತ್ತಿಲ್ಲ. ಗೌರಕ್ಕನಿಗೂ ತೀರಿಕೊಳ್ಳುವವರೆಗೆ ಗೊತ್ತಾಗಲಿಲ್ಲ. ಅವ್ವ ಆ ಮಾತನ್ನು ನನಗೆ ಒಮ್ಮೆ ಹೇಳಿದಳು, ಮತ್ತೆ ಯಾರಿಗೂ ಹೇಳಲಿಲ್ಲ, ನಾನು ನಿಮ್ಮ ಅಜ್ಜನಿಗೂ ಹೇಳಿಲ್ಲ. ಅವ್ವನನ್ನು ದೂರಲು ಬರೆದಿದ್ದೇನೆ ಎಂದು ತಿಳಿಯಬೇಡಿರಿ. ಒಬ್ಬ ತಾಯಿ ಎಷ್ಟು ಹೆದರಬಹುದು, ಹೆದರಿದವಳು ನಾಲ್ಕನೆಯ ದಿನ ಎಷ್ಟು ದೂರ ನಡೆದು ಬಂದು ಮಗಳ ಪಕ್ಕ ಕೂಡಬಹುದು, ಎಂಬುದು ಈ ಹಾಳೆಗಳನ್ನು ಬಿಟ್ಟರೆ ಇನ್ನೆಲ್ಲಿಯೂ ಇಲ್ಲ. ಆದ್ದರಿಂದ ಇವನ್ನು ನನ್ನ ಟ್ರಂಕಿನಲ್ಲಿ, ಸೀರೆಗಳ ಕೆಳಗೆ, ಬೇವಿನ ಎಲೆ ಹಾಕಿ ಇಡಿರಿ. ವರ್ಷಕ್ಕೊಮ್ಮೆ ಎಲೆ ಬದಲಿಸಿರಿ. ಹುಳ ಬೀಳಗೊಡಬೇಡಿರಿ.